ಪಟ್ಟಣ ಯಾರಿಗೆ, ಚರ್ಚು ಯಾರಿಗೆ

ಕೆಲಸ ಮಾಡುವುದು ಅಂಥ ಕಷ್ಟವೇನಲ್ಲ. ಕೆಲಸವನ್ನು ಯಾರಿಗೆ ಕೊಡಬೇಕು ಎಂದು ಗೊತ್ತುಮಾಡುವುದು ಕಷ್ಟ. ಈ ಮಾತನ್ನು ದೊಡ್ಡ ಕುರ್ಚಿಯಲ್ಲಿ ಕುಳಿತವರು ಹೇಳಿದರೆ ಎದುರಿಗಿದ್ದವರು ತಲೆದೂಗುತ್ತಾರೆ. ನಾನು ಹೇಳಿದರೆ ನಗುತ್ತಾರೆ. ಏಕೆಂದರೆ ನಾನು ಸೇಡಂ ಬಸ್ ನಿಲ್ದಾಣದ ಕಂಟ್ರೋಲರ್. ಸಣ್ಣದೊಂದು ಕೋಣೆಯಲ್ಲಿ ಕುಳಿತು ಯಾವ ಬಸ್ಸು ಎಲ್ಲಿಗೆ ಹೊರಟಿದೆ ಎಂದು ಮೈಕಿನಲ್ಲಿ ಹೇಳುವುದು, ಹೊತ್ತಾದಾಗ ಸೀಟಿ ಊದುವುದು, ‘ಚಿಂಚೋಳಿ ಗಾಡಿ ಯಾವಾಗ ಅದರಿ’ ಎಂದು ಓಡಿ ಬಂದವರಿಗೆ ಅದು ಈಗಷ್ಟೇ ಹೋಯಿತೆಂದು ತಿಳಿಸುವುದು, ಇಷ್ಟೇ ನನ್ನ ಅಧಿಕಾರ. ಇದರಲ್ಲಿ ಯಾರಿಗೋ ಏನನ್ನೋ ಕೊಡುವ ಮಾತು ಎಲ್ಲಿಂದ ಬಂತು ಎಂದು ನೀವೂ ಕೇಳಬಹುದು. ನಿಲ್ದಾಣದಲ್ಲಿ ಬಂದದ್ದಲ್ಲ. ಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ನನಗೊಂದು ರಾಜ್ಯವಿದೆ. ಅದು ಯುರೋಪಿನಲ್ಲಿದೆ, ಕಲ್ಯಾಣದಲ್ಲಿ ಶರಣರು ಇದ್ದ ಕಾಲದ ಹಿಂದುಮುಂದಿನದು, ಮತ್ತು ಅದನ್ನು ಆಳುವವನು ನಾನು.

ಈ ರಾಜ್ಯ ನನಗೆ ಬಂದದ್ದು ಮಗಳಿಂದ. ನನ್ನ ಒಬ್ಬಳೇ ಮಗಳು ಶಿವಲೀಲಾ ಚಿಂಚೋಳಿಯಲ್ಲಿ ಶಾಲೆಯ ಟೀಚರ್. ಒಂದು ಬೇಸಿಗೆ ರಜೆಯಲ್ಲಿ ಹೊಸ ಲ್ಯಾಪ್‌ಟಾಪ್ ಕೊಂಡು, ಹಳೆಯದನ್ನು ನನ್ನ ಮುಂದಿಟ್ಟಳು. “ಅಪ್ಪಾ, ಡ್ಯೂಟಿ ಮುಗಿಸಿ ಬಂದು ಬರೇ ಟಿ.ವಿ. ಮುಂದ ಕುಂದರ್ತಿ. ಇದರಾಗ ಒಂದು ಆಟ ಅದ, ಆಡು” ಅಂದಳು. ಆಟವೆಂದರೆ ಕುದುರೆ, ಕತ್ತಿ, ಧಡಧಡ ಓಟ ಇರಬಹುದೆಂದುಕೊಂಡೆ. ತೆರೆದು ನೋಡಿದರೆ ಒಂದು ನಕಾಶೆ, ನಕಾಶೆಯ ತುಂಬ ಊರುಗಳು, ಒಂದು ಮೂಲೆಯಲ್ಲಿ ನಾನು. ಗಡ್ಡ ಬಿಟ್ಟ, ಸ್ವಲ್ಪ ಮೆಳ್ಳೆಗಣ್ಣಿನ ಒಬ್ಬ ರಾಜ. “ಇದರಾಗ ಯುದ್ಧ ಇಲ್ಲೇನು?” ಎಂದು ಕೇಳಿದೆ. “ಅದ. ಆದ್ರ ಅದಕ್ಕಿಂತ ಮೊದಲ ಮಂದೀನ ಆರಿಸಬೇಕು” ಅಂದಳು. ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ.

ಆಟದ ಕಟ್ಟಳೆ ಹೀಗಿದೆ. ರಾಜನಾದವನು ಎಲ್ಲವನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳುವಂತಿಲ್ಲ. ಕೋಟೆಗಳನ್ನು ಇಟ್ಟುಕೊಳ್ಳಬಹುದು. ಆದರೆ ಕೋಟೆಯ ಮಗ್ಗುಲಿನ ಪಟ್ಟಣವನ್ನು ಒಬ್ಬ ಸಾಮಂತನಿಗೆ, ಚರ್ಚನ್ನು ಇನ್ನೊಬ್ಬ ಸಾಮಂತನಿಗೆ ಕೊಡಲೇಬೇಕು. ಪಟ್ಟಣ ಸಿಕ್ಕವನಿಗೆ ಆಟದಲ್ಲಿ ಏನೋ ಒಂದು ಹೆಸರಿದೆ. ನಾನು ಅವನನ್ನು ಪಟ್ಟಣಶೆಟ್ಟಿ ಎನ್ನುತ್ತೇನೆ. ಚರ್ಚು ಸಿಕ್ಕವನು ಬಿಷಪ್. ಕೊಡದೆ ಜಿಪುಣತನ ಮಾಡಿದರೆ ಉಳಿದ ಸಾಮಂತರೆಲ್ಲ ಮುಖ ಗಂಟಿಕ್ಕುತ್ತಾರೆ. ಹೋಗಲಿ ಎಂದು ಯಾರಿಗೋ ಕೊಟ್ಟರೆ ಅವನು ನಾಳೆ ನಿಮ್ಮ ಮೇಲೆಯೇ ದಂಡು ಕಟ್ಟಿಕೊಂಡು ಬರುತ್ತಾನೆ. ಆದ್ದರಿಂದ ಆರಿಸಬೇಕು. ಉಮೇದುವಾರರ ಮುಖಗಳು ಸಾಲಾಗಿ ಬರುತ್ತವೆ. ಒಂದೊಂದು ಮುಖದ ಕೆಳಗೆ ಅವನ ಗುಣಗಳು: ಇವನು ಆಸೆಬುರುಕ, ಇವನು ತೃಪ್ತ, ಇವನು ಸಿಡುಕ, ಇವನು ದೈವಭಕ್ತ, ಇವನಿಗೆ ನಿಮ್ಮನ್ನು ಕಂಡರೆ ಇಷ್ಟು ಪ್ರೀತಿ, ಇವನಿಗೆ ನಿಮ್ಮ ಸಿಂಹಾಸನದ ಮೇಲೆ ಒಂದು ಕಣ್ಣು. ಮನುಷ್ಯರ ಗುಣ ಹೀಗೆ ಮುಖದ ಕೆಳಗೇ ಕಾಣುವಂತಿದ್ದರೆ ಸಂಸಾರದಲ್ಲಿ ಎಷ್ಟೊಂದು ಮಾತು ಉಳಿಯುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ನನ್ನ ಮುಖದ ಕೆಳಗೆ ಏನಿರುತ್ತಿತ್ತೋ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಎರಡು ಸಲ ರಾಜ್ಯ ಕಳೆದುಕೊಂಡ ಮೇಲೆ ನನಗೆ ಗುಟ್ಟು ಹತ್ತಿತು. ಪಟ್ಟಣವನ್ನು ಎಂದೂ ಗಟ್ಟಿಗನಿಗೆ ಕೊಡಬಾರದು. ಸ್ವಂತ ನೆಂಟನಿಗಂತೂ ಕೊಡಲೇಬಾರದು. ನೆಂಟನಾದವನಿಗೆ ನಿಮ್ಮದೆಲ್ಲ ತನ್ನದೇ ಅನ್ನಿಸುತ್ತದೆ. ವಯಸ್ಸಾದ, ಮಕ್ಕಳಿಲ್ಲದ, ‘ತೃಪ್ತ’ ಎಂಬ ಗುಣವಿರುವ ಮನುಷ್ಯನನ್ನು ಹುಡುಕಬೇಕು. ಅವನಿಂದ ಪಟ್ಟಣ ಬೆಳೆಯದಿದ್ದರೂ ಚಿಂತೆಯಿಲ್ಲ, ದಂಗೆಯಂತೂ ಏಳುವುದಿಲ್ಲ. ಬಿಷಪ್ಪನ ವಿಚಾರ ಇನ್ನೂ ನಾಜೂಕು. ಅವನಿಗೆ ನಿಮ್ಮ ಮೇಲಿನದಕ್ಕಿಂತ ರೋಮಿನಲ್ಲಿರುವ ಪೋಪನ ಮೇಲೆ ಹೆಚ್ಚು ಪ್ರೀತಿ ಇದ್ದರೆ, ಚರ್ಚಿನ ಕಂದಾಯವೆಲ್ಲ ಅತ್ತ ಹೋಗುತ್ತದೆ. ಪೋಪನಿಗಿಂತ ಗುಲಗಂಜಿಯಷ್ಟಾದರೂ ನಿಮ್ಮ ಮೇಲೆ ಪ್ರೀತಿ ಹೆಚ್ಚಿರುವವನನ್ನೇ ಬಿಷಪ್ ಮಾಡಬೇಕು. ಈ ಎರಡು ಸೂತ್ರ ಹಿಡಿದ ಮೇಲೆ ನನ್ನ ರಾಜ್ಯ ಅಲುಗಾಡಲಿಲ್ಲ. ಮೆಳ್ಳೆಗಣ್ಣಿನ ರಾಜ ಸತ್ತು ಅವನ ಮಗ ಬಂದ, ಮಗನ ಮಗ ಬಂದ, ಒಂದು ದಂಗೆ ಇಲ್ಲ. ಹೆಂಡತಿ ಸುವರ್ಣಾ ಚಹಾ ತಂದಿಡುತ್ತ, “ಹೊರಗ ಬೆಂಡಿಕಾಯಿ ಆರಸ್ರಿ ಅಂದ್ರ ಬಲ್ತಿದ್ದು ಹಿಡಕೊಂಡು ಬರ್ತೀರಿ, ಇಲ್ಲಿ ಬಿಷಪ್ಪನ್ನ ಆರಸ್ತೀರೇನು” ಅನ್ನುತ್ತಿದ್ದಳು. ರಾಜರಿಗೆ ಇಂಥ ಮಾತುಗಳು ಹೊಸವಲ್ಲ.

ಹೀಗಿರುವಾಗ ಮಗಳ ಲಗ್ನ ಗೊತ್ತಾಯಿತು. ಹುಡುಗ ಸುಲೇಪೇಟದವನು, ಅವನೂ ಮಾಸ್ತರ. ಒಳ್ಳೆಯ ಮಂದಿ. ಲಗ್ನ ಸೇಡಂನಲ್ಲಿ, ನಮ್ಮ ಕಡೆಯಿಂದ. ನಮ್ಮಲ್ಲಿ ಲಗ್ನ ನಡೆಯುವುದು ಇಬ್ಬರ ಮೇಲೆ. ಒಬ್ಬ ಉಗ್ರಾಣದವನು. ದಿನಸಿ, ತುಪ್ಪ, ಬೂಂದಿ, ಬಾಡಿಗೆ ಪಾತ್ರೆ ಎಲ್ಲ ಇರುವ ಕೋಣೆಯ ಕೀಲಿ ಅವನ ಸೊಂಟದಲ್ಲಿ. ಅಡುಗೆಯವರು ಒಂದು ಹಿಡಿ ಸಕ್ಕರೆ ಬೇಕೆಂದರೂ ಅವನ ಮುಂದೆ ನಿಲ್ಲಬೇಕು. ಇನ್ನೊಬ್ಬ ಮಠದ ಸ್ವಾಮಿಗಳ ವ್ಯವಸ್ಥೆ ನೋಡುವವನು. ಅವರನ್ನು ಎದುರುಗೊಳ್ಳುವುದು, ಕೂಡಿಸುವುದು, ಪಾದಪೂಜೆ, ಪ್ರಸಾದ, ಹೊತ್ತಿಗೆ ಸರಿಯಾಗಿ ಆಶೀರ್ವಚನ. ಈ ಎರಡು ಕೆಲಸ ಸರಿಹೋದರೆ ಲಗ್ನ ಸರಿಹೋದಂತೆ. ಇದನ್ನು ಯೋಚಿಸುತ್ತ ನಿಲ್ದಾಣದ ಕೋಣೆಯಲ್ಲಿ ಕುಳಿತಿದ್ದಾಗ ನನಗೆ ಥಟ್ಟನೆ ಹೊಳೆಯಿತು, ಇದು ಪಟ್ಟಣ ಮತ್ತು ಚರ್ಚು. ಸಂತೋಷದಲ್ಲಿ ವಾಡಿ ಗಾಡಿಯನ್ನು ಶಹಾಬಾದ ಗಾಡಿ ಎಂದು ಮೈಕಿನಲ್ಲಿ ಹೇಳಿ, ನಾಲ್ಕು ಮಂದಿಯಿಂದ ಬೈಸಿಕೊಂಡೆ.

ಈಗ ನನ್ನ ಭಾವಮೈದುನ ಚನ್ನಬಸಪ್ಪನ ಬಗ್ಗೆ ಹೇಳಬೇಕು. ಸುವರ್ಣಾಳ ತಮ್ಮ. ಚಿತ್ತಾಪುರದಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ವ್ಯಾಪಾರ. ಎತ್ತರದ ಆಳು, ದೊಡ್ಡ ದನಿ. ಅವನು ಗುಟ್ಟು ಹೇಳಿದರೆ ಆಚೆ ಓಣಿಯವರು ಹೌದೆನ್ನುತ್ತಾರೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಯಾರದೇ ಲಗ್ನವಾಗಲಿ ಉಗ್ರಾಣದ ಕೀಲಿ ಅವನದು. ಅವನು ಕೇಳುವುದಿಲ್ಲ, ಇವರು ಕೊಡುವುದಿಲ್ಲ, ಅದು ತಾನಾಗಿ ಅವನ ಸೊಂಟಕ್ಕೆ ಹೋಗಿರುತ್ತದೆ. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ, ಒಪ್ಪುತ್ತೇನೆ. ಆದರೆ ಅವನು ಕೀಲಿ ಹಿಡಿದ ಲಗ್ನವೆಲ್ಲ ಆಮೇಲೆ ‘ಚನ್ನಬಸಪ್ಪ ಮಾಡಿದ ಲಗ್ನ’ ಆಗುತ್ತದೆ. ನಾನು ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದಾಗ ಬಂದವರೆಲ್ಲ ಅವನ ಕೈ ಹಿಡಿದು ‘ಭಾಳ ಛಂದ ಮಾಡಿದ್ರಿ’ ಅಂದರು. ನನ್ನನ್ನು ಕಂಡು ‘ನಿಮ್ದು ಊಟ ಆತೇನ್ರಿ’ ಎಂದು ಕೇಳಿದರು. ಸಿಟ್ಟಿನಿಂದ ಹೇಳುತ್ತಿಲ್ಲ. ಸಿಟ್ಟಿನಿಂದಲೇ ಹೇಳುತ್ತಿದ್ದೇನೆ. ಇರುವವಳು ಒಬ್ಬಳೇ ಮಗಳು, ಅವಳ ಲಗ್ನವಾದರೂ ಅವಳ ಅಪ್ಪ ಮಾಡಿದ ಲಗ್ನ ಅನ್ನಿಸಿಕೊಳ್ಳಲಿ ಎಂಬ ಆಸೆ ತಪ್ಪೇ?

ಆಟದ ಸೂತ್ರದ ಪ್ರಕಾರ ನೋಡಿದರೂ ಚನ್ನಬಸಪ್ಪ ಗಟ್ಟಿಗ, ಸಿಡುಕ, ನೆಂಟ, ಆಸೆಬುರುಕ. ಒಂದೇ ಮುಖದ ಕೆಳಗೆ ನಾಲ್ಕು ಕೆಂಪು ಗುರುತು. ಪಟ್ಟಣವನ್ನು ನಾನು ಕುರಕುಂಟಾದ ಗುಂಡಪ್ಪನಿಗೆ ಕೊಟ್ಟೆ. ದೂರದ ಸಂಬಂಧಿ, ಒಕ್ಕಲುತನ, ವಯಸ್ಸು ಅರವತ್ತರ ಮೇಲೆ, ಮಕ್ಕಳಿಲ್ಲ. ಬಿಸಿಲಾದರೂ ಛಲೋ ಆತು, ಮಳೆಯಾದರೂ ಛಲೋ ಆತು ಅನ್ನುವ ಮನುಷ್ಯ. ಯಾರಿಗೂ ಇಲ್ಲ ಅಂದದ್ದನ್ನು ನಾನು ಕೇಳಿಲ್ಲ. ಚರ್ಚನ್ನು ನಮ್ಮ ನಿಲ್ದಾಣದಲ್ಲೇ ನನ್ನ ಕೈಕೆಳಗೆ ಕೆಲಸ ಮಾಡುವ ವೀರೇಶನಿಗೆ ಕೊಟ್ಟೆ. ಮಠಕ್ಕೆ ನಡೆದುಕೊಳ್ಳುವ ಹಿರಿಯರು ಬೇರೆಯವರಿದ್ದರು. ಆದರೆ ಅವರಿಗೆಲ್ಲ ನನ್ನ ಮೇಲಿನದಕ್ಕಿಂತ ಸ್ವಾಮಿಗಳ ಮೇಲೆ ಹೆಚ್ಚು ಪ್ರೀತಿ. ವೀರೇಶನಿಗೆ ನನ್ನ ಮೇಲೆ. ನಾನು ಹೇಳದೆ ಅವನು ಪೆನ್ನಿನ ಮುಚ್ಚಳವನ್ನೂ ತೆಗೆಯುವುದಿಲ್ಲ.

ಸುವರ್ಣಾಳಿಗೆ ಇದನ್ನು ತಿಳಿಸಿದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. “ನನ್ನ ತಮ್ಮನ್ನ ಬಿಟ್ಟು ಲಗ್ನ ಮಾಡ್ತೀರೇನ್ರಿ?”

“ಬಿಟ್ಟು ಅಲ್ಲ. ಅವ ಸೋದರಮಾವ ಇದ್ದಾನ, ಮಾನದಿಂದ ಬಂದು ಕುಂದರ್ಲಿ ಅಂತ.”

“ಬಂದು ಕುಂದರ್ಲಿ ಅಂತ” ಎಂದು ಅವಳು ನನ್ನ ಮಾತನ್ನೇ ತಿರುಗಿ ಹೇಳಿ, ಮತ್ತೆ ರೊಟ್ಟಿ ಬಡಿಯತೊಡಗಿದಳು. ಆ ದಿನದ ರೊಟ್ಟಿಗಳು ಎಂದಿಗಿಂತ ತೆಳ್ಳಗಾಗಿದ್ದವು.

ಕರೆಯಲು ನಾನೇ ಚಿತ್ತಾಪುರಕ್ಕೆ ಹೋದೆ. ನಮ್ಮ ಕಡೆ ಕರೆಯುವುದರಲ್ಲಿ ಒಂದು ಭೇದವಿದೆ. ಪರಿಚಯದವರಿಗೆ, ಬೀಗರಿಗೆ, ದೂರದವರಿಗೆ ‘ಲಗ್ನಕ್ಕ ಬರ್ರಿ’ ಅನ್ನುತ್ತೇವೆ. ಮನೆಯವರಿಗೆ ಹಾಗೆ ಅನ್ನುವುದಿಲ್ಲ. ‘ಲಗ್ನ ನಿಂತು ಮಾಡಬೇಕು’ ಅನ್ನುತ್ತೇವೆ. ನಿಂತು ಮಾಡು ಅನ್ನಿಸಿಕೊಂಡವನು ಮನೆಯವನು, ಬಂದು ಕೂತುಕೋ ಅನ್ನಿಸಿಕೊಂಡವನು ಹೊರಗಿನವನು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಮೊಲೆಹಾಲಿನ ಜೊತೆಗೆ ಬಂದಿರುತ್ತದೆ. ನನಗೂ ಬಂದಿತ್ತು. ಆದರೂ ಅವನ ಅಂಗಡಿಯಲ್ಲಿ, ಸಾಲಾಗಿ ನಿಲ್ಲಿಸಿದ ಕಲ್ಲುಗಳ ನಡುವೆ, ಅವನ ಕೈಗೆ ಪತ್ರಿಕೆ ಕೊಟ್ಟು, “ಚನ್ನಬಸಪ್ಪ, ಈ ಸಲ ನೀ ಏನೂ ತ್ರಾಸ ತೊಗೋಬ್ಯಾಡ. ಆರಾಮ ಬಂದು ಮುಂದ ಕುಂದ್ರು” ಅಂದೆ. ಅವನು ಪತ್ರಿಕೆಯನ್ನು ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆಂದು ನಾನು ಕಾದೆ. ಅವನು “ಆಗ್ಲಿರಿ ಭಾವಾ, ಬರ್ತೀನಿ” ಅಂದ. ಎಷ್ಟು ಮೆಲ್ಲಗೆ ಅಂದನೆಂದರೆ ಅಂಗಡಿಯ ಆಳುಗಳು ಕೂಡ ತಿರುಗಿ ನೋಡಿದರು. ದಾರಿಯುದ್ದಕ್ಕೂ ನನಗೆ ಗೆದ್ದ ಹುರುಪು. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದುಕೊಂಡೆ. ಆಟದಲ್ಲಾದರೆ ಇಂಥ ಹೊತ್ತಿನಲ್ಲಿ ಅವನ ಹೆಸರಿನ ಮುಂದೆ, ಪ್ರೀತಿ ಇಷ್ಟು ಇಳಿಯಿತೆಂದು ಹೇಳುವ ಒಂದು ಕೆಂಪು ಅಂಕಿ ಕಾಣಿಸುತ್ತದೆ. ಚಿತ್ತಾಪುರದಲ್ಲಿ ಏನೂ ಕಾಣಿಸಲಿಲ್ಲ.

ಲಗ್ನದ ದಿನ ಮುಂಜಾನೆ ನಾನು ರೇಷ್ಮೆ ಧೋತರದ ಜೊತೆ ಗುದ್ದಾಡುತ್ತಿದ್ದೆ. ಕಲ್ಯಾಣ ಮಂಟಪದ ಮೇಲಿನ ಕೋಣೆ. ವೀರೇಶ ಬಾಗಿಲ ಆಚೆ ನಿಂತು, “ಸರ್, ಒಂದು ಮಾತು” ಅಂದ. ತಡಿ ಅಂದೆ. ಅವನು ತಡೆದ. ನೆರಿಗೆ ಒಂದು ಕಡೆ ಹಿಡಿದರೆ ಇನ್ನೊಂದು ಕಡೆ ಜಾರುತ್ತಿತ್ತು. ಕೊನೆಗೆ ಹೊರಗೆ ಬಂದು ಏನೆಂದು ಕೇಳಿದರೆ, “ಸ್ವಾಮಿಗಳು ಬಂದಾರ ಸರ್. ಕಾರಿನಾಗ ಕುಂತಾರ. ಒಳಗ ಕರೀಲೇನ್ರಿ?” ಅಂದ. ಅರ್ಧ ಉಟ್ಟ ಧೋತರದಲ್ಲೇ ಓಡಿದೆ. ಬಿಸಿಲಿನಲ್ಲಿ ಕಾರು ನಿಂತಿತ್ತು, ಸ್ವಾಮಿಗಳು ಒಳಗೆ ಕುಳಿತು ಶಾಲಿನ ಅಂಚಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ನನ್ನನ್ನು ಕಂಡು ನಕ್ಕು, “ಅಪ್ಪಣೆ ಆಯಿತೇನಪ್ಪ?” ಅಂದರು. ದೊಡ್ಡ ಮನಸ್ಸಿನವರು, ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು, ನಗು ಇನ್ನೂ ಚುಚ್ಚುತ್ತಿದೆ. ಆಮೇಲೆ ಪಾದಪೂಜೆಗೆ ತಟ್ಟೆ ಯಾವುದು, ನೀರು ಎಷ್ಟು, ಹೂವು ಮೊದಲೋ ವಿಭೂತಿ ಮೊದಲೋ ಎಂದು ವೀರೇಶ ಒಂದೊಂದನ್ನೂ ನನ್ನನ್ನೇ ಕೇಳುತ್ತಿದ್ದ. ನನ್ನ ಮೇಲೆ ಪ್ರೀತಿ ಇದ್ದವನನ್ನು ಆರಿಸಿದ್ದೆ, ಆ ಪ್ರೀತಿಯಲ್ಲಿ ಅವನು ಒಂದು ಹೆಜ್ಜೆಯನ್ನೂ ತಾನಾಗಿ ಇಡಲಿಲ್ಲ.

ಅತ್ತ ಪಟ್ಟಣದ ಕಥೆ ಬೇರೆ. ಗುಂಡಪ್ಪ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು, ನಗುತ್ತ ಕುಳಿತಿದ್ದ. ಬಾಗಿಲು ಮಾತ್ರ ತೆರೆದೇ ಇತ್ತು. ಬೀಗರು ಉಪ್ಪಿಟ್ಟಿಗೆ ತುಪ್ಪ ಕೇಳಿದರು, ಕೊಟ್ಟ. ಅಡುಗೆಯವರು ಕೇಳಿದರು, ಕೊಟ್ಟ. ಯಾರೋ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಕೇಳಿದರು, ಅವರಿಗೂ ಒಂದು ಡಬ್ಬಿ ಕೊಟ್ಟ. ಮಧ್ಯಾಹ್ನ ಎರಡನೆಯ ಪಂಕ್ತಿ ಕುಳಿತಾಗ ಎಲೆಯ ಮೇಲೆ ಗೋಧಿ ಹುಗ್ಗಿ ಬಿತ್ತು, ತುಪ್ಪ ಬರಲಿಲ್ಲ. ಹುಗ್ಗಿಯ ಮೇಲೆ ತುಪ್ಪ ಇಲ್ಲದ ಲಗ್ನವನ್ನು ನಮ್ಮ ಕಡೆ ಜನ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ನಾನು ಉಗ್ರಾಣಕ್ಕೆ ಓಡಿದೆ. ಗುಂಡಪ್ಪ ಎದ್ದು ನಿಂತು, “ಕೇಳಿದ್ರು, ಕೊಟ್ಟೆ. ಲಗ್ನದ ಮನ್ಯಾಗ ಇಲ್ಲ ಅಂತ ಹ್ಯಾಂಗ ಅನ್ಲಿ?” ಅಂದ. ಅವನ ಮುಖದಲ್ಲಿ ಆಗಲೂ ತೃಪ್ತಿ ಇತ್ತು. ಕೀಲಿ ಇಸಿದುಕೊಂಡು ಕಿಸೆಗೆ ಹಾಕಿ, ತುಪ್ಪ ತರಲು ಇಬ್ಬರನ್ನು ಪೇಟೆಗೆ ಓಡಿಸಿದೆ.

ಇಷ್ಟೆಲ್ಲ ಆಗುವಾಗ ಚನ್ನಬಸಪ್ಪ ಏನು ಮಾಡುತ್ತಿದ್ದ? ನಾನು ಹೇಳಿದ್ದನ್ನೇ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊತ್ತಿಗೆ ಸರಿಯಾಗಿ ಬಂದ. ಸೋದರಮಾವನ ಹಕ್ಕು ಯಾರೂ ಕೊಡುವುದಲ್ಲ, ಯಾರೂ ಕಸಿಯುವುದಲ್ಲ. ಅಕ್ಕನ ಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದು ಅವಳ ಹಿಂದೆ ನಿಂತ. ಅಕ್ಷತೆ ಬಿದ್ದ ಮೇಲೆ ಇಳಿದು ಬಂದು ಮುಂದಿನ ಸಾಲಿನಲ್ಲಿ ಕುಳಿತ. ಕೈ ಕಟ್ಟಿಕೊಂಡು ಕುಳಿತ. ನಾನು ಧೋತರ ಹಿಡಿದುಕೊಂಡು ಅತ್ತಿಂದಿತ್ತ ಓಡುವುದನ್ನು ನೋಡುತ್ತ ಕುಳಿತ. ಒಂದು ಲಗ್ನದಲ್ಲಿ ಸಾರಿಗೆ ಉಪ್ಪು ಕಡಿಮೆಯಾಯಿತೆಂದು ಅಡುಗೆಯವನನ್ನು ಪಂಕ್ತಿಯ ನಡುವೆ ಕರೆಸಿ ಅದೇ ಸಾರನ್ನು ಉಣ್ಣಿಸಿದ ಮನುಷ್ಯ, ಅವತ್ತು ತುಪ್ಪವಿಲ್ಲದ ಹುಗ್ಗಿಯನ್ನು ತಲೆ ಬಗ್ಗಿಸಿ ಉಂಡು, ಕೈ ತೊಳೆದು, ನನ್ನ ಹತ್ತಿರ ಬಂದು, “ಅಡಗಿ ಭಾಳ ಛಂದ ಆಗ್ಯಾದ್ರಿ ಭಾವಾ” ಅಂದ. ದಂಗೆ ಎದ್ದಿದ್ದರೆ ತಡೆಯಬಹುದಿತ್ತು. ಬೀಗರ ಹಾಗೆ ನಡೆದುಕೊಂಡವನ ಮೇಲೆ ಯಾವ ದಂಡು ಕಳಿಸುವುದು?

ಇಳಿಹೊತ್ತಿಗೆ ಹೆಣ್ಣು ಒಪ್ಪಿಸಿಕೊಡುವ ವೇಳೆಯಾಯಿತು. ಸುಲೇಪೇಟದ ಗಾಡಿ ಹೂವು ಕಟ್ಟಿಕೊಂಡು ಬಾಗಿಲಿಗೆ ಬಂದು ನಿಂತಿತು. ಶಿವಲೀಲಾ ಎಲ್ಲರ ಕಾಲು ಮುಟ್ಟುತ್ತ ಬಂದಳು. “ಮಾಮಾ ಎಲ್ಲಿ?” ಅಂದಳು. ಯಾರಿಗೂ ಗೊತ್ತಿಲ್ಲ. ಗುಂಡಪ್ಪ ನಗುತ್ತ ಹೇಳಿದ, “ಅಂವ ಆಗಳೇ ಹೋದ್ನಲ್ಲ. ಚಿತ್ತಾಪುರ ಗಾಡಿಗಿ ಹೋಗ್ತೀನಂದ.” ಸುವರ್ಣಾ ನನ್ನತ್ತ ನೋಡಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಹಾಗೆ ನೋಡಿರಲಿಲ್ಲ. ಮಗಳು ಮಾತ್ರ ಅತ್ತುಕೊಂಡೇ, ಆದರೆ ಸ್ಪಷ್ಟವಾಗಿ, “ಮಾಮಾ ಬರೋತನಕ ನಾ ಗಾಡಿ ಹತ್ತಂಗಿಲ್ಲ” ಅಂದಳು. ಬೀಗರು ಮುಖ ಮುಖ ನೋಡಿಕೊಂಡರು. ಹೊತ್ತು ಮುಳುಗುವ ಮುಂಚೆ ಸೊಸೆಯನ್ನು ಮನೆ ತುಂಬಿಸಿಕೊಳ್ಳಬೇಕೆಂದು ಅವರ ಕಡೆಯ ಹಿರಿಯರು ಮುಂಜಾನೆಯಿಂದ ಹೇಳುತ್ತಿದ್ದರು. ನನಗೆ ಅವತ್ತು ಮೊದಲ ಸಲ ಆಟದ ನೆನಪು ಪೂರ್ತಿ ಹೋಯಿತು. ಮಗಳು ಅಳುತ್ತ ನಿಂತಿದ್ದಾಳೆ, ಅದಕ್ಕೆ ನಾನೇ ಕಾರಣ, ಇಷ್ಟೇ ತಲೆಯಲ್ಲಿ ಉಳಿಯಿತು.

ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ನಿಲ್ದಾಣಕ್ಕೆ ಬಂದೆ. ರೇಷ್ಮೆ ಧೋತರ, ಹಣೆಗೆ ವಿಭೂತಿ, ಕೊರಳಲ್ಲಿ ಬಾಡಿದ ಹಾರ. ನಾನು ದಿನಾ ಕೂರುವ ಕೋಣೆಯಿಂದ ನನ್ನ ಸಹೋದ್ಯೋಗಿ ಚಿತ್ತಾಪುರ ಗಾಡಿಯ ಹೆಸರು ಹೇಳುತ್ತಿದ್ದ. ಬಸ್ಸು ಹತ್ತಿದೆ. ಚನ್ನಬಸಪ್ಪ ಕಿಟಕಿಯ ಪಕ್ಕದಲ್ಲಿ, ಕಾಲ ಮೇಲೆ ಕೈಚೀಲ ಇಟ್ಟುಕೊಂಡು ಕುಳಿತಿದ್ದ. ಪಕ್ಕದಲ್ಲಿ ಕುಳಿತೆ.

“ಏಳು, ಹೋಗೂಣು. ಶಿವಲೀಲಾ ಅಳಾಕತ್ತಾಳ.”

“ನನ್ನ ಕುಂದರಾಕ ಕರದಿದ್ರಿ. ಕುಂತೆ. ಉಣ್ಣಾಕ ಕರದಿದ್ರಿ. ಉಂಡೆ. ಮತ್ತೇನ್ರಿ ಕೆಲಸ ಅದ ಅಲ್ಲಿ ನನಗ?” ಅಂದ. ಕಿಟಕಿಯ ಹೊರಗೆ ನೋಡುತ್ತಲೇ ಅಂದ.

ಅಷ್ಟರಲ್ಲಿ ಸೀಟಿ ಕೇಳಿಸಿತು, ಬಸ್ಸು ಹೊರಟೇಬಿಟ್ಟಿತು. ಹೊತ್ತಾದ ಮೇಲೆ ದೇವರೇ ಬಂದರೂ ಗಾಡಿ ನಿಲ್ಲಿಸಬಾರದು ಎಂದು ಆ ಸಹೋದ್ಯೋಗಿಗೆ ಕಲಿಸಿಕೊಟ್ಟವನು ನಾನೇ. ಕಂಡಕ್ಟರ್ ಬಂದು ನನ್ನ ವೇಷ ನೋಡಿ, ಬಹಳ ಗೌರವದಿಂದ, “ಸರ್, ಚಿತ್ತಾಪುರಕ್ಕೇನ್ರಿ?” ಎಂದು ಕೇಳಿದ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲಗ್ನದ ದಿನ ಹೆಣ್ಣಿನ ಅಪ್ಪ ಊರು ಬಿಟ್ಟು ಓಡಿಹೋಗುವುದನ್ನು ಅವರು ಹಿಂದೆ ಕಂಡಿರಲಿಕ್ಕಿಲ್ಲ.

“ಚನ್ನಬಸಪ್ಪ, ನಾ ಹಂಗ ಕರೀಬಾರದಿತ್ತು” ಅಂದೆ.

ಊರಂಚಿನ ಮನೆಗಳು ದಾಟಿದವು. ಆಮೇಲೆ ಅವನು, ತಾನು ಕೇಳುತ್ತಿರುವುದು ದೊಡ್ಡ ಸಂಗತಿಯೇ ಅಲ್ಲ ಎಂಬಂತೆ, “ಉಗ್ರಾಣದ ಕೀಲಿ ಯಾರ ಕಡಿ ಅದ?” ಎಂದು ಕೇಳಿದ.

ಕಿಸೆಯಿಂದ ತೆಗೆದು ಅವನ ಅಂಗೈಯಲ್ಲಿಟ್ಟೆ. “ನಿನ್ನ ಕಡಿ.”

“ಒಳಗ ಏನದ?”

“ಏನೂ ಇಲ್ಲ. ಖಾಲಿ ಪಾತ್ರಿ.”

“ಬಾಡಿಗಿ ಪಾತ್ರಿ. ಎಣಸೀರೇನು?”

“ಇಲ್ಲ.”

ಅವನು ಮೊದಲ ಸಲ ನನ್ನ ಕಡೆ ಪೂರ್ತಿ ತಿರುಗಿದ. ಮುಖ ಕೆಂಪಾಗಿತ್ತು. ಆ ಕೆಂಪು ಕಂಡು ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. “ಎಣಸಿಲ್ಲ! ಮಂದಿ ಮನಿ ಹೊಕ್ಕು ಹೋಗಿರ್ತಾವ ಅಷ್ಟೂ. ನಿಮಗ ಬಸ್ಸಿನ ಟೈಮ್ ಬಿಟ್ಟು ಏನಾರ ತಿಳೀತದೇನ್ರಿ ಭಾವಾ? ಸುಮ್ಮ ಏಳ್ರಿ” ಅಂದ. ಇಡೀ ಬಸ್ಸಿಗೆ ಕೇಳುವಂತೆ, “ಏ ಕಂಡಕ್ಟರ್, ನಿಲ್ಲಸ್ರಿ ಗಾಡಿ” ಎಂದು ಕೂಗಿದ.

ಊರ ಹೊರಗೆ ಇಳಿದು, ಸಿಮೆಂಟಿನ ಧೂಳು ಹೊತ್ತ ಒಂದು ಆಟೊ ಹಿಡಿದು ಮಂಟಪಕ್ಕೆ ಬಂದೆವು. ದಾರಿಯುದ್ದಕ್ಕೂ ಅವನು ನನ್ನನ್ನು ಬೈದ. ಸ್ವಾಮಿಗಳನ್ನು ಬಿಸಿಲಿನಲ್ಲಿ ಕೂಡಿಸಿದ್ದಕ್ಕೆ, ತುಪ್ಪಕ್ಕೆ, ಪಂಕ್ತಿಯಲ್ಲಿ ನೀರು ತಡವಾಗಿದ್ದಕ್ಕೆ, ಧೋತರ ಉಟ್ಟ ರೀತಿಗೆ. ಕೈ ಕಟ್ಟಿಕೊಂಡು ಕುಳಿತವನು ಒಂದನ್ನೂ ಬಿಡದೆ ನೋಡಿದ್ದ. ಇಳಿದ ಕೂಡಲೇ ಶಿವಲೀಲಾ ಓಡಿ ಬಂದು ಅವನ ಎದೆಗೆ ಮುಖವಿಟ್ಟು ಅತ್ತಳು. ಅವನೂ ಅತ್ತ, ದೊಡ್ಡ ದನಿಯಲ್ಲೇ ಅತ್ತ. ನನ್ನ ಸರದಿ ಆಮೇಲೆ ಬಂತು. ಅಷ್ಟರಲ್ಲಿ ಅವಳ ಕಣ್ಣೀರು ಮುಗಿದಿತ್ತು, “ಬಿ.ಪಿ. ಗುಳಿಗಿ ಮರೀಬ್ಯಾಡಪ್ಪ” ಎಂದಷ್ಟೇ ಹೇಳಿ ಗಾಡಿ ಹತ್ತಿದಳು. ಬೀಗರ ಕಡೆಯ ಹಿರಿಯರು ಹೊರಡುವ ಮುಂಚೆ ಎಲ್ಲರಿಗೂ ಶರಣು ಹೇಳುತ್ತ ಬಂದು, ನನ್ನ ಎದುರು ನಿಂತು, “ಲಗ್ನ ಛಲೋ ಆತ್ರಿ. ಎಲ್ಲಾ ಯಾರು ನಿಂತು ಮಾಡಿದ್ರು?” ಎಂದು ಕೇಳಿದರು. ಎಷ್ಟೋ ತಿಂಗಳಿಂದ ನಾನು ಕಾಯುತ್ತಿದ್ದ ಪ್ರಶ್ನೆ ಅದು. ಬಾಯಿ ತೆರೆದೆ. “ನಮ್ಮ ಚನ್ನಬಸಪ್ಪ” ಎಂಬ ಮಾತು ಬಂತು. ಅವನು ಆಗ ಉಗ್ರಾಣದ ಒಳಗಿದ್ದ. ಎರಡು ಕೊಳಗ, ಒಂದು ಸೌಟು ಕಡಿಮೆ ಬಂದಿವೆ ಎಂದು ಕೂಗಾಡುವುದು ಹೊರಗಿನವರೆಗೂ ಕೇಳುತ್ತಿತ್ತು.

ಲಗ್ನದ ಗದ್ದಲ ಮುಗಿದು ಮನೆ ಬಿಕೋ ಎನ್ನತೊಡಗಿದ ಮೇಲೆ ಒಂದು ದಿನ ಮತ್ತೆ ರಾಜ್ಯ ತೆರೆದೆ. ಮುದುಕ ಪಟ್ಟಣಶೆಟ್ಟಿಯೊಬ್ಬ ತೀರಿಕೊಂಡಿದ್ದ. ಹೊಸಬನನ್ನು ಆರಿಸಬೇಕಿತ್ತು. ಮುಖಗಳು ಸಾಲಾಗಿ ಬಂದವು. ತೃಪ್ತರು ಬೇಕಾದಷ್ಟು ಮಂದಿ ಇದ್ದರು. ಈ ಸಲ ನಾನು ಅವರನ್ನೆಲ್ಲ ದಾಟಿ ಹೋದೆ. ಕೊನೆಯಲ್ಲಿ ಒಬ್ಬನಿದ್ದ: ಗಟ್ಟಿಗ, ಸಿಡುಕ, ಆಸೆಬುರುಕ, ರಾಣಿಯ ತಮ್ಮ. ಕಣ್ಣು ತುಂಬಿ ಬಂತು. ಇರುವುದರಲ್ಲೇ ದೊಡ್ಡ ಪಟ್ಟಣವನ್ನು ಅವನಿಗೆ ಕೊಟ್ಟೆ. ಸಾಲದೆಂದು ಪಕ್ಕದ ಕೋಟೆಯನ್ನೂ ಕೊಟ್ಟೆ. ಅವನು ತೆಗೆದುಕೊಂಡ, ದಂಡು ಕಟ್ಟಿದ, ನನ್ನ ರಾಜಧಾನಿಗೆ ಮುತ್ತಿಗೆ ಹಾಕಿ ರಾಜನನ್ನು ಹಿಡಿದು ನೆಲಮಾಳಿಗೆಯಲ್ಲಿ ಕೂಡಿಹಾಕಿದ. ಇಷ್ಟಾಗುವಷ್ಟರಲ್ಲಿ ನನ್ನ ಚಹಾ ಇನ್ನೂ ಆರಿರಲಿಲ್ಲ.

ಶಿವಲೀಲಾಳಿಗೆ ಫೋನು ಮಾಡಿ ಹೇಳಿದೆ. ನಕ್ಕಳು. ಹೊಸ ಮನೆಯಲ್ಲಿ ಅವಳು ಹೀಗೆ ಬಿಚ್ಚಿ ನಗುವುದನ್ನು ಕೇಳಿ ನನಗೂ ನಿರಾಳವಾಯಿತು. “ಅಪ್ಪಾ, ಅದು ಆಟ. ಅಲ್ಲಿ ಅವಂಗ ಅಕ್ಕನ ಮಗಳು ಯಾರದಾಳ ಹೇಳು?” ಅಂದಳು.

ರಾಜ ಇನ್ನೂ ನೆಲಮಾಳಿಗೆಯಲ್ಲೇ ಇದ್ದಾನೆ. ಯಾರಾದರೂ ಸಾಮಂತರು ಮನಸ್ಸು ಮಾಡಿದರೆ ಅವನನ್ನು ಬಿಡಿಸಿಕೊಳ್ಳಲು ಆಟದಲ್ಲಿ ದಾರಿಯಿದೆ. ನಾನು ಆರಿಸಿ ಆರಿಸಿ ಕೂಡಿಸಿದ ಪಟ್ಟಣಶೆಟ್ಟಿಗಳು ತೃಪ್ತರು. ರಾಜ ಒಳಗಿದ್ದರೂ ಅವರಿಗೆ ತೃಪ್ತಿಯೇ. ಬಿಷಪ್ಪರಿಗೆ ನನ್ನ ಮೇಲೆ ಅಪಾರ ಪ್ರೀತಿ, ಅಪ್ಪಣೆಗಾಗಿ ಕಾಯುತ್ತಿದ್ದಾರೆ. ಸಂಜೆ ಡ್ಯೂಟಿ ಮುಗಿಸಿ ಬಂದು, ಲ್ಯಾಪ್‌ಟಾಪ್ ತೆರೆದು, ಅವನು ಜೀವಂತ ಇದ್ದಾನೆಯೇ ಎಂದಷ್ಟು ನೋಡಿ ಮುಚ್ಚುತ್ತೇನೆ. ಇಂಥ ಹೊತ್ತಿನಲ್ಲಿ ಬೈದುಕೊಂಡಾದರೂ ಬಂದು ಬಾಗಿಲು ಮುರಿದು ಎಳೆದುಕೊಂಡು ಹೋಗುವಂಥ ಮನುಷ್ಯ ನನಗೆ ಗೊತ್ತಿರುವುದು ಒಬ್ಬನೇ. ಅವನು ಚಿತ್ತಾಪುರದಲ್ಲಿದ್ದಾನೆ, ಮತ್ತು ಅವನಿಗೆ ಕಂಪ್ಯೂಟರ್ ಬರುವುದಿಲ್ಲ.